ಪೇಟಿ ಇಲ್ಲದ ಮೇಳ

ಶಹಾಬಾದಿನ ನಮ್ಮ ಮನೆ ಪೂರ್ತಿ ಕಲ್ಲಿನದು. ಗೋಡೆ ಕಲ್ಲು, ನೆಲ ಫರಸಿ, ತಲೆಯ ಮೇಲಿನ ಛತ್ತಿಗೂ ಉದ್ದುದ್ದ ಫರಸಿಯ ಹಾಸು. ಊರ ಸುತ್ತ ನೆಲ ಅಗೆದರೆ ಸಿಗುವುದೇ ಅದು, ಹಾಗಾಗಿ ಬಡವರ ಮನೆಯೂ ಕಲ್ಲಿನದೇ ಆಗಿತ್ತು. ಅಂಥ ಮನೆಯಲ್ಲಿ ಸದ್ದು ಎಲ್ಲಿಯೂ ಅಡಗುವುದಿಲ್ಲ. ಅಡುಗೆಮನೆಯಲ್ಲಿ ಸೌಟು ಬಿದ್ದರೆ ಪಡಸಾಲೆಯಲ್ಲಿ ಕುಳಿತ ಅಪ್ಪ ಅದು ಹಿತ್ತಾಳೆಯದೋ ಸ್ಟೀಲಿನದೋ ಹೇಳುತ್ತಿದ್ದ. ಬೇಸಿಗೆಯ ಮಧ್ಯಾಹ್ನ ನಾನು ಬರಿಮೈಯಲ್ಲಿ ನೆಲಕ್ಕೆ ಕಿವಿಯಿಟ್ಟು ಮಲಗಿದರೆ, ಹಿಂದಿನ ಕೋಣೆಯಲ್ಲಿ ಅಜ್ಜಿ ಜೋಳ ಬೀಸುವ ಕಲ್ಲಿನ ಗುರುಗುಟ್ಟುವಿಕೆ ನನ್ನ ದವಡೆಯೊಳಗೆ ಕೇಳಿಸುತ್ತಿತ್ತು. ಈ ವಾಕ್ಯ ಬರೆದು ಮುಗಿಸುವುದರೊಳಗೆ ಅನುಮಾನ ಬಂತು. ನಮ್ಮ ಓಣಿಯ ತುದಿಯಲ್ಲೇ ಹಿಟ್ಟಿನ ಗಿರಣಿ ಇತ್ತು. ಅಜ್ಜಿ ಯಾಕೆ ಜೋಳ ಬೀಸುತ್ತಿದ್ದಳು? ಸೇಡಂನಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಕೇಳಿದೆ.

"ಜ್ವಾಳ ಎಲ್ಲಿ ಬೀಸ್ತಿದ್ದಳೋ. ಬರೇ ತೊಗರಿ ಒಡೀತಿದ್ದಳು, ಅದೂ ವರ್ಷಕ್ಕೊಮ್ಮೆ. ನಿನಗ ಎಲ್ಲಾ ದೊಡ್ಡದಾಗೇ ನೆನಪಿರ್ತದ ನೋಡು."

ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಅಳತೆಯಲ್ಲಿ ತಪ್ಪು ಎಲ್ಲಿಂದ ನುಸುಳುತ್ತದೆ ಎಂಬುದನ್ನು ಐದಾರು ಊರುಗಳ ಕಾಲೇಜುಗಳಲ್ಲಿ ಪಾಠ ಹೇಳುತ್ತ, ಎಲ್ಲಿಯೂ ಹೆಚ್ಚು ದಿನ ನಿಲ್ಲಲಾರದೆ ಕಾಲ ಕಳೆದೆ. ಆದರೆ ಒಂದು ನೆನಪನ್ನು ಮಾತ್ರ ನಲವತ್ತು ವರ್ಷ ಯಾವ ಪರೀಕ್ಷೆಗೂ ಒಡ್ಡಲಿಲ್ಲ. ಅವ್ವನ ಗಂಟಲಿನ ಕಾಯಿಲೆ ನಮ್ಮ ಮನೆಗೆ ತಡವಾಗಿ ಗೊತ್ತಾಯಿತು. ಅದರ ಸುಳಿವು ನನಗೆ ಮೊದಲೇ ಸಿಕ್ಕಿತ್ತು, ನಾನದನ್ನು ಅಪ್ಪನಿಗೆ ಹೇಳಿದ್ದೆ, ಅಪ್ಪ ಕೇಳಲಿಲ್ಲ. ಇದು ಆ ನೆನಪು. ಅಪ್ಪ ಹಾಸಿಗೆ ಹಿಡಿದಿದ್ದ ಕೊನೆಯ ವರ್ಷ ಯಾವುದೋ ಸಣ್ಣ ಮಾತಿಗೆ ಜಗಳವಾಗಿ, ಅದನ್ನು ಅವನ ಮುಖಕ್ಕೆ ಅಂದೂ ಬಿಟ್ಟೆ. "ನಾ ಹೇಳಿದಾಗ ಕೇಳಿದ್ದರ ಅವ್ವ ಉಳೀತಿದ್ದಳು." ಅಪ್ಪ ಗೋಡೆಯ ಕಡೆ ಹೊರಳಿ ಮಲಗಿದ. ನೀನು ಹೇಳಲೇ ಇಲ್ಲ ಎಂದು ಅವನು ವಾದಿಸಲಿಲ್ಲ. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ. ನಿಜಕ್ಕೂ ಹೇಳಿದ್ದೆನೇ? ಹೇಳಿರದಿದ್ದರೆ, ಸಾಯುವ ಮನುಷ್ಯನಿಗೆ ನಾನು ಅಂದದ್ದೇನು? ಇದನ್ನು ಬಗೆಹರಿಸಿಕೊಳ್ಳಲು ನಮ್ಮ ಮನೆಯಲ್ಲಿ ಕೆಲವು ವರ್ಷ ಬಾಳಿದ ಒಂದು ಮೇಳದ ಕಥೆಯನ್ನು ಮೊದಲಿನಿಂದ ಹೇಳಬೇಕು.

ಅಪ್ಪ ವಾಡಿಯಲ್ಲಿ ರೈಲ್ವೆಯ ಗೂಡ್ಸ್ ಆಫೀಸಿನ ಗುಮಾಸ್ತ. ಮುಂಜಾನೆಯ ಪ್ಯಾಸೆಂಜರಿಗೆ ಹೋಗಿ ಸಂಜೆಯ ಪ್ಯಾಸೆಂಜರಿಗೆ ಬರುತ್ತಿದ್ದ. ಹುಡುಗನಾಗಿದ್ದಾಗ ಚಿಂಚೋಳಿ ಕಡೆಯ ಒಂದು ಮಠದಲ್ಲಿ ಇದ್ದು ಓದಿದವನು. ಅಲ್ಲಿ ಒಬ್ಬ ಮುದುಕ ಕಿನ್ನರಿ ಹಿಡಿದು ತತ್ವಪದ ಹಾಡುತ್ತಿದ್ದನಂತೆ. ಸೋರೆಬುರುಡೆಗೆ ಬಿದಿರು ಕಟ್ಟಿ, ಮೇಣದಿಂದ ಸ್ವರದ ಮೆಟ್ಟಿಲು ಕೂರಿಸಿದ ಆ ವಾದ್ಯದ ದನಿ ಅಪ್ಪನ ಕಿವಿಯಲ್ಲಿ ಕೊನೆಯವರೆಗೂ ಉಳಿಯಿತು. ನಮ್ಮ ಓಣಿಯ ಭಜನಾ ಮಂಡಳಿಗೆ ಹೊಸ ಹಾರ್ಮೋನಿಯಂ ಬಂದ ವರ್ಷ ಅಪ್ಪ ಮಂಡಳಿ ಬಿಟ್ಟ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ. ಅಪ್ಪ ಅದನ್ನು ಶವಪೆಟ್ಟಿಗೆಯ ಹೆಸರು ಹೇಳುವಂತೆ ಹೇಳುತ್ತಿದ್ದ.

"ಹನ್ನೆರಡು ಮನಿ ಕಟ್ಯಾರ, ನಡುವಿನ ಸಂದಿ ಎಲ್ಲಾ ಮುಚ್ಯಾರ. ದನಿ ಅನ್ನೋದು ಸಂದ್ಯಾಗೇ ಓಡಾಡ್ತದ."

ಹೀಗೆ ಶುರುವಾದ ಮೇಳಕ್ಕೆ ಅಪ್ಪ ಹೆಸರಿಡಲಿಲ್ಲ. ಊರವರೇ ಪೇಟಿ ಇಲ್ಲದ ಮೇಳ ಎಂದರು, ಮೊದಲು ನಗೆಯಾಡಲು, ಆಮೇಲೆ ಅಭ್ಯಾಸವಾಗಿ. ಅದರ ಕಟ್ಟಳೆಗಳು ಕೆಲವೇ: ಪೇಟಿ ಇಲ್ಲ, ಮೈಕ್ ಇಲ್ಲ, ಹಿರಿಯರ ಕಾಲದಲ್ಲಿ ಇರದಿದ್ದ ಯಾವ ವಾದ್ಯವೂ ಇಲ್ಲ. ಅಪ್ಪ ತಂಬೂರಿ ಹಿಡಿದು ಹಾಡುತ್ತಿದ್ದ. ಸುಲೇಪೇಟದ ಬಟ್ಟೆ ವ್ಯಾಪಾರಿ ಸಂಗಪ್ಪ ಕಾಕಾ ಕಿನ್ನರಿ ಕಲಿತು ಬಂದರು. ಅಂಗಡಿಯನ್ನು ತಮ್ಮನಿಗೆ ಬಿಟ್ಟು ಬಸ್ಸು ಹತ್ತಿ ಬರುವಾಗ ವಾದ್ಯವನ್ನು ಸೀರೆಯ ಥಾನಿನಂತೆ ಬಟ್ಟೆಯಲ್ಲಿ ಸುತ್ತಿಕೊಂಡಿರುತ್ತಿದ್ದರು. ಚಿತ್ತಾಪುರದ ಇಮಾಮ್‌ಸಾಬರದು ಸಾರಂಗಿ, ಅವರ ಅಜ್ಜನ ಕಾಲದ್ದು. ರಾವೂರಿನ ಗಣಿಯಲ್ಲಿ ಕಲ್ಲು ಸೀಳುತ್ತಿದ್ದ ಮಾಣಿಕಪ್ಪ ಕಾಕಾ ದಿಮ್ಮಡಿ ಬಾರಿಸುತ್ತಿದ್ದರು. ದಿಮ್ಮಡಿ ಅಂದರೆ ಚರ್ಮ ಬಿಗಿದ ಬಳೆಯಂಥ ವಾದ್ಯ, ಬೆಂಕಿಗೆ ಹಿಡಿದು ಕಾಸಿ ಬಿಗಿ ಮಾಡಬೇಕು. ಅವರು ನಮ್ಮ ಜಾತಿಯವರಲ್ಲ, ಬುದ್ಧನ ಫೋಟೋ ಇಟ್ಟುಕೊಂಡಿದ್ದ ಮನೆತನ. ಅಜ್ಜಿ ಅವರ ಚಹಾದ ಲೋಟವನ್ನು ಹೊರಗಿನ ಗೂಡಿನಲ್ಲಿ ಬೇರೆ ಇಟ್ಟಿದ್ದಳು. ಒಂದು ಭಾನುವಾರ ಆ ಲೋಟ ಗೂಡಿನಲ್ಲಿ ಇರಲಿಲ್ಲ. ಅವ್ವ ಎಲ್ಲ ಲೋಟಗಳ ಜೊತೆ ಬೆರೆಸಿಟ್ಟಿದ್ದಳು, ಯಾವುದು ಯಾರದೆಂದು ಅಜ್ಜಿಗೂ ತಿಳಿಯದಂತೆ. ಕಾಕಾ ಅನ್ನಬೇಕೆಂದು ನಮಗೆ ಹೇಳಿಕೊಟ್ಟವಳೂ ಅವಳೇ.

ಅಜ್ಜಿಯ ನಿಜವಾದ ಯುದ್ಧ ಸಾರಂಗಿಯ ಜೊತೆ ನಡೆಯಿತು. ಅದರ ತಂತಿ ಲೋಹದ್ದಲ್ಲ, ಕರುಳಿನದು. ಬೇರೆ ಊರುಗಳಲ್ಲಿ ಸ್ಟೀಲಿನ ತಂತಿ ಹಾಕಿಕೊಳ್ಳುವವರಿದ್ದರು; ಅಪ್ಪ ಒಪ್ಪಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದವರ ಮನೆಯ ಪಡಸಾಲೆಯಲ್ಲಿ ಮೊದಲ ಸಲ ಆ ವಾದ್ಯ ಬಂದು ಕುಳಿತಾಗ ಅಜ್ಜಿ ಎದುರಿಗೆ ಕಾಲು ಚಾಚಿ ಕುಳಿತು ವಿಚಾರಣೆ ನಡೆಸಿದಳು.

"ಸಾಬರ, ಇದು ಏನ್ರಿ ಹಳದೀದು?"

"ನರ ಅದ ಅವ್ವಾ."

"ಯಾರ ನರ?"

ಇಮಾಮ್‌ಸಾಬರು ಅಪ್ಪನ ಮುಖ ನೋಡಿದರು. ಅಪ್ಪ ಛತ್ತು ನೋಡಿದ. "ಹೋತಿಂದು" ಎಂದರು ಸಾಬರು.

"ಹೋತ ಸತ್ತ ಮ್ಯಾಲೂ ನಮ್ಮ ಮನ್ಯಾಗ ಬಂದು ಒದರಬೇಕೇನ?"

"ಜೀವ ಇದ್ದಾಗ ಒದರ್ತಿತ್ತು ಅವ್ವಾ. ಈಗ ಹಾಡ್ತದ, ಝರಾ ಕೇಳ್ರಿ."

ಅಜ್ಜಿ ಕೇಳಿದಳು. ಆದರೆ ಪ್ರತಿ ಭಾನುವಾರ ಸಾರಂಗಿ ಮನೆ ದಾಟಿದ ಮೇಲೆ ಅದು ಕುಳಿತಿದ್ದ ಜಾಗಕ್ಕೆ ವಿಭೂತಿಯ ನೀರು ಚಿಮುಕಿಸುತ್ತಿದ್ದಳು. ಮರುವಾರ ಸಾಬರು ಬರುವುದು ತಡವಾದರೆ ಬಾಗಿಲಿಗೆ ಹೋಗಿ ನೋಡುತ್ತಿದ್ದವಳೂ ಅವಳೇ.

ಪೇಟಿ ಬಿಟ್ಟ ಮೇಳಕ್ಕೆ ಮೊದಲ ತಿಂಗಳೇ ಒಂದು ತೊಂದರೆ ಎದುರಾಯಿತು. ಪೇಟಿ ಇದ್ದಲ್ಲಿ ಒಂದು ಮನೆ, ಅಂದರೆ ಸ್ವರದ ಪಟ್ಟಿ, ಒತ್ತಿದರೆ ಷಡ್ಜ ಸಿಗುತ್ತದೆ, ಎಲ್ಲರೂ ಅದಕ್ಕೆ ಕೂಡುತ್ತಾರೆ. ಇಲ್ಲಿ ಯಾರು ಯಾರಿಗೆ ಕೂಡಬೇಕು? ಕಿನ್ನರಿ ಏರಿಸಿದರೆ ಮೇಣ ಬಿಡುತ್ತದೆ ಎಂದು ಸಂಗಪ್ಪ ಕಾಕಾ, ಇಳಿಸಿದರೆ ಸಾರಂಗಿ ಗೊಗ್ಗರಾಗುತ್ತದೆ ಎಂದು ಸಾಬರು, ಇಬ್ಬರ ನಡುವೆ ತನ್ನ ಗಂಟಲು ಎಂದು ಅಪ್ಪ. ಒಂದು ಮುಂಜಾನೆ ಪೂರ್ತಿ ಹೀಗೆ ಜಗಳವಾಗುತ್ತಿದ್ದಾಗ ಒಳಗೆ ಅವ್ವ ರೊಟ್ಟಿ ಬಡಿಯುತ್ತ ತನ್ನಷ್ಟಕ್ಕೆ ಗುನುಗುತ್ತಿದ್ದಳು. ಅಪ್ಪ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ. ಅವಳ ಗುನುಗು ಮೂರೂ ಜನರ ಶ್ರುತಿಗಳ ನಡುವೆ ಎಲ್ಲೋ ಒಂದು ಕಡೆ, ಅಲುಗದೆ ನಿಂತಿತ್ತು.

"ಏ ಶರಣಮ್ಮ, ಝರಾ ಬಾಗಿಲಕ ಬಾ. ಈಗ ಅಂದ್ಯಲ್ಲ, ಅದನ್ನ ಹಿಡಿದು ನಿಲ್ಲು."

"ನಾ ಏನೂ ಅಂದಿಲ್ರಿ" ಎಂದಳು ಅವ್ವ, ಹಿಟ್ಟಿನ ಕೈ ಹಿಂದೆ ಮಾಡಿಕೊಂಡು.

"ವೈನಿ, ಹಾಡಬ್ಯಾಡ್ರಿ. ಬರೇ ಉಂ ಅನ್ರಿ. ನಿಮ್ಮ ರೊಟ್ಟಿ ಕರಕಾದ್ರ ನಾವೇ ತಿಂತೀವಿ" ಎಂದರು ಸಂಗಪ್ಪ ಕಾಕಾ.

ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಸೆರಗು ಬಾಯಿಗೆ ಅಡ್ಡ ಹಿಡಿದು, ಉಂ ಅಂದಳು. ತಂಬೂರಿ ಅದಕ್ಕೆ ಕೂಡಿತು, ಸಾರಂಗಿ ಕೂಡಿತು, ಕಿನ್ನರಿ ಕೂಡಿತು. ಮಾಣಿಕಪ್ಪ ಕಾಕಾ ಒಲೆಯ ಹತ್ತಿರ ಹೋಗಲಾರದೆ ಅಂಗಳದಲ್ಲಿ ಕಾಗದ ಸುಟ್ಟು ದಿಮ್ಮಡಿ ಕಾಸಿ ಕೂಡಿಸಿದರು. ಅಂದಿನಿಂದ ಅದೇ ಪದ್ಧತಿಯಾಯಿತು. ಭಾನುವಾರ ಎಲ್ಲರೂ ಚುರುಮುರಿಯ ಸುಸಲಾ ತಿಂದು ಚಹಾ ಕುಡಿದ ಮೇಲೆ ಅವ್ವ ಹೊಸ್ತಿಲಿಗೆ ಬಂದು ಒಂದು ಉಸಿರಿನಷ್ಟು ಹೊತ್ತು ಶ್ರುತಿ ಕೊಟ್ಟು ಒಳಗೆ ಹೋಗುತ್ತಿದ್ದಳು. ಪದ ಹಾಡುವಾಗ ಎಂದೂ ಹೊರಗೆ ಕುಳಿತದ್ದಿಲ್ಲ. ಮೇಳ ಸೇಡಂಗೆ, ಚಿತ್ತಾಪುರಕ್ಕೆ ಹೋದಾಗ ಅವ್ವನೂ ಹೋಗಬೇಕಾಗುತ್ತಿತ್ತು, ಯಾಕೆಂದರೆ ಬಸ್ಸಿನ ಕುಲುಕಾಟಕ್ಕೆ ತಂತಿ ಇಳಿಯುತ್ತಿದ್ದವು. ಕೇಳಿದವರಿಗೆ ಅಪ್ಪ, ನಮ್ಮ ಅಡುಗೆಗೆ ಬಂದಾಳ ಎನ್ನುತ್ತಿದ್ದ. ಮಠದ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಶ್ರುತಿ ಕೂಡಿಸಿ, ಆಮೇಲೆ ಗಂಡಸರು ವಾದ್ಯಗಳನ್ನು ಕೂಸಿನಂತೆ ಎತ್ತಿಕೊಂಡು ಹೊರಗೆ ಬರುತ್ತಿದ್ದರು. ಪೇಟಿ ಇಲ್ಲದೆ ಎಲ್ಲಿಂದ ಹಿಡಿಯುತ್ತೀರಿ ಶ್ರುತಿ ಎಂದು ಜನ ಕೇಳಿದರೆ ಅಪ್ಪನ ಉತ್ತರ ಒಂದೇ: "ಹಿರ್ಯಾರದು."

ಇಷ್ಟರ ಬಗ್ಗೆ ಅಕ್ಕನಿಗೂ ನನಗೂ ತಕರಾರಿಲ್ಲ. ಮುಂದಿನದರ ಬಗ್ಗೆ ಇದೆ. ಯಾವ ತಿಂಗಳಿಂದ ಎಂದು ಹೇಳಲಾರೆ, ಮೇಳದ ಶ್ರುತಿ ಇಳಿಯತೊಡಗಿತು. ಒಂದು ಭಾನುವಾರದಿಂದ ಮುಂದಿನದಕ್ಕೆ ಯಾರಿಗೂ ತಿಳಿಯದಷ್ಟು. ತಂಬೂರಿಯ ಬಿರಡೆಯನ್ನು ಅಪ್ಪ ಪ್ರತಿವಾರ ಕೂದಲೆಳೆಯಷ್ಟು ಸಡಿಲಿಸುತ್ತಿದ್ದಿರಬೇಕು, ಅದೂ ಅವನಿಗೆ ಗೊತ್ತಾಗದೆ. ಮೊದಲು ಗೊಣಗಿದವರು ಇಮಾಮ್‌ಸಾಬರು.

"ಭಾಭಿ, ನರ ಢೀಲಾ ಆಗ್ಲಿಕತ್ತದ. ಕಮಾನು ಹಾಕಿದ್ರ ಜುರುಜುರು ಅಂತದ."

"ನನ್ನ ದಿಮ್ಮಡಿನೂ ಬೆಂಕಿ ಕೇಳವಲ್ದು" ಎಂದರು ಮಾಣಿಕಪ್ಪ ಕಾಕಾ. "ಮೊದಲ ನಾಲ್ಕು ಸಲ ಕಾಸಬೇಕಿತ್ತು. ಈಗ ಒಮ್ಮೆ ಕಾಸಿದ್ರ ಸಾಕಾಗ್ಲಿಕತ್ತದ."

ಅಪ್ಪ ಎರಡು ದಿನ ಯೋಚಿಸಿದ. ಮೂರನೆಯ ದಿನ ಅವನ ಮುಖ ಬೆಳಗಿತ್ತು. ಮಠದ ಮುದುಕನ ಶ್ರುತಿ ಹೀಗೇ ಕೆಳಗಿತ್ತು ಎಂದು ಅವನಿಗೆ ನೆನಪಾಗಿತ್ತು. ಪೇಟಿ ಬಂದು ಎಲ್ಲರ ಗಂಟಲನ್ನೂ ಮೇಲಕ್ಕೆ ಜಗ್ಗಿದೆ; ಪೇಟಿ ಬಿಟ್ಟು ಇಷ್ಟು ವರ್ಷವಾದ ಮೇಲೆ ನಮ್ಮ ಮೇಳ ತಾನಾಗಿ ಹಿರಿಯರ ಜಾಗಕ್ಕೆ ಇಳಿದು ಬರುತ್ತಿದೆ. ಇದನ್ನು ಅವನು ಊಟ ಮಾಡುವಾಗ ಹೇಳಿದ, ಸ್ಟೇಷನ್ನಿನಲ್ಲಿ ಹೇಳಿದ, ಸೇಡಂನಲ್ಲಿ ಪದ ಹಾಡುವ ಮುಂಚೆ ಎದ್ದು ನಿಂತು ಹೇಳಿದ. ಕೇಳುವವರಿಗೂ ಹಾಗೇ ಅನ್ನಿಸಿತು. ಮೇಳಕ್ಕೆ ಈಗ ಆಳ ಬಂದಿದೆ ಎಂದರು. ಸಾಬರು ದಪ್ಪ ನರ ಹಾಕಿಕೊಂಡರು. ಸಂಗಪ್ಪ ಕಾಕಾ ಮೇಣ ಕರಗಿಸಿ ಮೆಟ್ಟಿಲು ಹೊಸದಾಗಿ ಕೂರಿಸಿದರು. ಅವ್ವ ಅದೇ ದಿನಗಳಲ್ಲಿ ಬಿಸಿನೀರು ಕುಡಿಯುವುದು ಹೆಚ್ಚಾಯಿತು. ಗಂಟಲದಾಗ ಏನೋ ಸಿಕ್ಕೊಂಡಂಗ ಆಗ್ತದ ಎಂದಾಗ ಅಜ್ಜಿ ಅಜವಾನದ ಕಷಾಯ ಕುದಿಸಿ ಕೊಟ್ಟಳು. ನಮ್ಮ ಊರಲ್ಲಿ ಎಲ್ಲರ ಗಂಟಲಲ್ಲೂ ಕಲ್ಲಿನ ಧೂಳು. ಕೆಮ್ಮುವವರನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ನಾನು ಏಳನೆಯ ತರಗತಿಯಲ್ಲಿದ್ದೆ. ಶಾಲೆಯಲ್ಲಿ ಮುಂಜಾನೆಯ ಪ್ರಾರ್ಥನೆ ಎತ್ತುವುದು ನನ್ನ ಕೆಲಸ. ಮನೆಯಲ್ಲಿ ಕೇಳಿದ ಅವ್ವನ ಷಡ್ಜವನ್ನೇ ಹಿಡಿದು ಎತ್ತುತ್ತಿದ್ದೆ. ಚಿತ್ರಕಲೆಯ ಮಾಸ್ತರರು ಪೇಟಿಯಲ್ಲಿ ಹಿಂಬಾಲಿಸುತ್ತಿದ್ದರು. ಒಂದು ದಿನ ಅವರು ನಿಲ್ಲಿಸಿದರು.

"ಹ್ವಾದ ವರ್ಷ ಈ ಕರಿ ಮನೀಗೆ ಹಿಡೀತಿದ್ದಿ. ಈಗ ಎರಡು ಮನಿ ಕೆಳಗ ಇಳಿದೀಯಲ್ಲೋ. ಧ್ವನಿ ಒಡೀಲಿಕತ್ತದೇನ?"

ಹುಡುಗರು ನಕ್ಕರು. ನನಗೆ ಅವಮಾನವಾಯಿತು; ಧ್ವನಿ ಒಡೆದಿರಲಿಲ್ಲ. ಆ ಭಾನುವಾರ ಅವ್ವ ಹೊಸ್ತಿಲಲ್ಲಿ ಉಂ ಅಂದದ್ದೇ ತಡ, ನಾನದನ್ನು ಬಾಯೊಳಗೆ ಹಿಡಿದುಕೊಂಡು, ಬಿಡದೆ ಗುನುಗುತ್ತ, ಎರಡು ಓಣಿ ಆಚೆ ಮಾಸ್ತರರ ಮನೆಗೆ ಓಡಿದೆ. ಪೇಟಿಯ ಮೇಲೆ ಬೆರಳಿಟ್ಟು ಹುಡುಕಿದರೆ ಅವರು ಹೇಳಿದ ಮನೆಯೇ ಸಿಕ್ಕಿತು. ಇಳಿದದ್ದು ನಾನಲ್ಲ, ಅವ್ವ. ಇಂದು ಒಬ್ಬ ವಿದ್ಯಾರ್ಥಿ ಇಂಥ ಅಳತೆ ತಂದು ತೋರಿಸಿದರೆ ಹಿಂದಕ್ಕೆ ಕಳಿಸುತ್ತೇನೆ. ಓಡಿದರೆ ಉಸಿರು ಏರುತ್ತದೆ, ಉಸಿರಿನ ಜೊತೆ ದನಿಯೂ ಜಾರುತ್ತದೆ. ಆದರೆ ಅಂದು ನನಗೆ ಸಂಶಯವಿರಲಿಲ್ಲ. ಮುಂದಿನದು ನನಗೆ ನೆನಪಿರುವುದು ಹೀಗೆ: ಊಟಕ್ಕೆ ಕುಳಿತಾಗ ಅಪ್ಪನಿಗೆ ಹೇಳಿದೆ. ಅವನ ಕೈಯಲ್ಲಿ ರೊಟ್ಟಿಯ ಚೂರಿತ್ತು. ಅದನ್ನು ಬಿಡದೆಯೇ ನನ್ನ ಕೆನ್ನೆಗೆ ಹೊಡೆದ.

"ಅವ್ವನ ದನಿಗೆ ಪೇಟಿ ಹಚ್ಚಿ ನೋಡ್ತೀಯೇನ?"

ಕೆನ್ನೆಗೆ ಪುಂಡಿಪಲ್ಯ ಹತ್ತಿ ತಣ್ಣಗಾದದ್ದು ನನಗೆ ಈಗಲೂ ಗೊತ್ತಾಗುತ್ತದೆ.

ಸುಲೇಪೇಟದ ಕಾರ್ಯಕ್ರಮ ಅದಾದ ಕೆಲವೇ ವಾರಗಳ ಮೇಲೆ. ಸಂಗಪ್ಪ ಕಾಕಾನ ಊರು, ಅವರ ಮಾನದ ಪ್ರಶ್ನೆ; ಬಜಾರಿನ ಹಿಂದಿನ ಬಯಲಲ್ಲಿ ಚಪ್ಪರ ಹಾಕಿಸಿದ್ದರು. ಇಳಿಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ಮೇಳ ಹಾಡಿತು. ಅಷ್ಟು ಕೆಳಗಿನ ಶ್ರುತಿಯಲ್ಲಿ ಮನುಷ್ಯರು ಹಾಡಿದ್ದನ್ನು ಆಮೇಲೆ ನಾನು ಎಲ್ಲಿಯೂ ಕೇಳಿಲ್ಲ. ಮೈಕಿಲ್ಲದ ಆ ದನಿಗಾಗಿ ಜನ ಹತ್ತಿರ ಹತ್ತಿರ ಸರಿದು ಕುಳಿತರು. ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಪ್ಪನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ದಿನ ಬರಲಿಲ್ಲ. ಸಂಗಪ್ಪ ಕಾಕಾನ ಅಳಿಯ ಅಂದು ಟೇಪ್ ರೆಕಾರ್ಡರಿನಲ್ಲಿ ಹಿಡಿದ ಕ್ಯಾಸೆಟ್ಟು ಹೋದ ವರ್ಷ ನನ್ನ ಕೈಸೇರಿತು. ಕಾಕಾನ ಅಂಗಡಿಯ ಹಿಂದಿನ ಕೋಣೆಯಲ್ಲಿ ಶ್ರುತಿ ಕೂಡಿಸುವಾಗಲೇ ಅವನು ಗುಂಡಿ ಒತ್ತಿದ್ದನಾದ್ದರಿಂದ ಶುರುವಿನಲ್ಲಿ ನಾಲ್ಕೈದು ಸೆಕೆಂಡು ಒಂದು ಉದ್ದ ಸ್ವರವಿದೆ. ಅದು ಅವ್ವನೋ, ಅವಳಿಗೆ ಆಗಲೇ ಕೂಡಿದ್ದ ಸಾರಂಗಿಯೋ ಎಂದು ನೂರು ಸಲ ಕೇಳಿದರೂ ಹೇಳಲಾಗಲಿಲ್ಲ. ಶ್ರುತಿ ಅಳೆದು ನೋಡಿದೆ. ಬ್ಯಾಟರಿ ಸೋತ ಯಂತ್ರ ಯಾವ ವೇಗದಲ್ಲಿ ತಿರುಗಿತ್ತೋ, ಆ ಅಳತೆಗೂ ಅರ್ಥವಿಲ್ಲ.

ಸುಲೇಪೇಟದಿಂದ ಬಂದ ಮೇಲೆ ಅವ್ವನ ದನಿ ಕಟ್ಟಿತು. ಚಪ್ಪರದ ಗಾಳಿಗೆ ಶೀತವಾಗಿದೆ ಎಂದುಕೊಂಡೆವು. ಒಂದು ಭಾನುವಾರ ಹೊಸ್ತಿಲಲ್ಲಿ ಅವಳು ಬಾಯಿ ತೆರೆದರೆ ಉಸಿರು ಮಾತ್ರ ಬಂತು. ಮರುದಿನ ಅಪ್ಪ ರಜೆ ಹಾಕಿ ಅವಳನ್ನು ಕಲಬುರ್ಗಿಗೆ ಕರೆದುಕೊಂಡು ಹೋದ. ನಾನೂ ಹೋಗಿದ್ದೆ, ಇದನ್ನು ಅಕ್ಕನೂ ಒಪ್ಪುತ್ತಾಳೆ. ಡಾಕ್ಟರರು ಕನ್ನಡಿಯ ಕಡ್ಡಿಯನ್ನು ಅವ್ವನ ಬಾಯಿಗೆ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, ಇವರ ಧ್ವನಿ ಎಷ್ಟು ದಿನದಿಂದ ದಪ್ಪ ಆಗ್ಯಾದ ಎಂದು ಕೇಳಿದರು.

"ಇಲ್ರಿ ಸಾಹೇಬ್ರ, ಆಕಿ ಧ್ವನಿ ಮೊದಲಿಂದನೂ ಹಂಗೇ ಅದ."

"ಸರಿ ನೆನಪು ಮಾಡ್ಕೊಂಡು ಹೇಳ್ರಿ. ವರ್ಷದಿಂದ ಇಳೀಲಿಕತ್ತಿರಬೇಕು."

"ನಮ್ಮ ತಂಬೂರಿ ಆಕಿ ಧ್ವನಿಗೇ ಕೂಡಿಸ್ತೀವ್ರಿ. ವಾರಾ ವಾರಾ ಕೂಡಿಸ್ತೀವಿ. ಒಂದ ದಿನಾನೂ ಬ್ಯಾರೆ ಆಗಿಲ್ಲ."

ಅಪ್ಪ ಸುಳ್ಳು ಹೇಳಲಿಲ್ಲ. ನಾನು ಪಾಠ ಮಾಡುವಾಗ ಅಳತೆಗೋಲೇ ಕುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ ಎಷ್ಟೋ ಉದಾಹರಣೆ ಕೊಟ್ಟಿದ್ದೇನೆ, ಇದೊಂದನ್ನು ಬಿಟ್ಟು. ಬೇರೆ ಯಾವ ಮನೆಯಲ್ಲಾದರೂ, ಗೋಡೆಗೆ ಒಂದು ಹಳೆಯ ಪೇಟಿ ಒರಗಿದ್ದರೂ ಸಾಕಿತ್ತು, ಇಳಿದದ್ದು ಗೊತ್ತಾಗುತ್ತಿತ್ತು. ಹೈದರಾಬಾದಿನಲ್ಲಿ ಅವ್ವನ ಗಂಟಲಿನ ಧ್ವನಿಪೆಟ್ಟಿಗೆ ತೆಗೆದರು. ಕುತ್ತಿಗೆಯಲ್ಲಿ ಉಸಿರಾಟಕ್ಕೆ ಒಂದು ರಂಧ್ರ ಮಾಡಿ ಕಳಿಸಿದರು. ಆರು ತಿಂಗಳು ಮೊದಲು ಬಂದಿದ್ದರೆ ಎಂದು ಅಲ್ಲಿಯೂ ಯಾರೋ ಅಂದರು. ಅವ್ವ ಮುಂದೆ ಒಂದು ವರ್ಷ ಇದ್ದಳು.

ಅಪ್ಪನಿಗೆ ಅಂದ ಮಾತೊಂದನ್ನು ಬಿಟ್ಟು, ಮೇಳದ ಕಥೆಯನ್ನು ಇಲ್ಲಿಯವರೆಗೆ ಬರೆದು ಹೋದ ತಿಂಗಳು ಸೇಡಂಗೆ ಒಯ್ದೆ. ಅಕ್ಕ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಮೊದಲಿನಿಂದ ಓದಿದಳು. ಹೋತಿನ ಮಾತಿಗೆ ನಕ್ಕಳು. ಕೆನ್ನೆಗೆ ಹೊಡೆದ ಕಡೆ ಬಂದು ಓದು ನಿಲ್ಲಿಸಿದಳು.

"ಅಪ್ಪ ಯಾವಾಗ ಹೊಡದಾನೋ ನಿನಗ? ಸಾಯೋತನಾ ಯಾರ ಮ್ಯಾಲೂ ಕೈ ಎತ್ತಿಲ್ಲ ಆ ಮನುಷ್ಯ."

"ಪುಂಡಿಪಲ್ಯ ಹತ್ತಿದ್ದು ನೆನಪದ ನನಗ."

"ಅದು ನಾ ಹೊಡದದ್ದು. ನನ್ನ ತಾಟಿನ್ಯಾಗಿಂದು ತಿಂದಿದ್ದಿ ನೀ." ಅವಳು ಹಾಳೆಗಳನ್ನು ಮಡಿಚಿಟ್ಟಳು. "ನೀ ಅಪ್ಪಗ ಹೇಳಿಲ್ಲ, ತಮ್ಮಾ. ಅವ್ವಗ ಹೇಳಿದಿ. ಬಚ್ಚಲದ ಹತ್ರ ಆಕಿ ಭಾಂಡೆ ತಿಕ್ಕಲಿಕತ್ತಿದ್ದಳು, ನಾ ನೀರು ಹಾಕ್ತಿದ್ದೆ. ಓಡಿ ಬಂದು ತೇಕುತ್ತ ಹೇಳಿದಿ, ಎರಡು ಮನಿ ಇಳಿದೀ ಅಂತ."

"ಅವ್ವ ಏನಂದಳು?"

"ನನಗೂ ಗೊತ್ತದ ಅಂದಳು. ಮ್ಯಾಲ ಏರಸಬೇಕಂದ್ರ ಏರವಲ್ದು ಅಂದಳು. ಸುಲೇಪೇಟದ್ದು ಒಂದು ಆಗಲಿ, ಈಗ ಹೇಳಿದ್ರ ನಾಲ್ಕೂ ಮಂದಿ ಕೈ ಕಟ್ಕೊಂಡು ಕುಂದರ್ತಾರ, ಸಂಗಪ್ಪನ ಮಾರಿ ಏನಾಗಬೇಕು ಅಂದಳು. ಅಪ್ಪಗ ಹೇಳಿದ್ರ ನನ್ನ ಕೊರಳ ಲಿಂಗದ ಆಣಿ ಅಂತ ಇಬ್ಬರಿಗೂ ಹಾಕಿದಳು."

"ಇಷ್ಟು ವರ್ಷ ಯಾಕ ಹೇಳಲಿಲ್ಲ ನೀ?"

"ಆಣಿ ಇತ್ತಲ್ಲ. ನಿನಗೂ ಇತ್ತು, ನೀನೂ ಹೇಳಂಗಿಲ್ಲ ಅಂತ ತಿಳಿದಿದ್ದೆ. ನೀ ಮರತೇ ಬಿಟ್ಟೀದಿ ಅಂತ ನನಗೇನು ಗೊತ್ತು."

ನಾನು ಅಪ್ಪನಿಗೆ ಅಂದ ಮಾತನ್ನು ಆಗ ಅವಳಿಗೆ ಹೇಳಿದೆ. ಅಕ್ಕ ಎದ್ದು ಹೋಗಿ ಚಹಾಕ್ಕೆ ಇಟ್ಟಳು. ಒಳಗಿಂದಲೇ ಕೇಳಿದಳು.

"ಅಪ್ಪ ಏನಂದ?"

"ಏನೂ ಅನ್ನಲಿಲ್ಲ."

"ಅನ್ನಂಗಿಲ್ಲ ಅಂವ."

ಎರಡು ನೆನಪುಗಳಲ್ಲಿ ನನ್ನದನ್ನು ನಂಬಲು ನನಗೆ ಕಾರಣಗಳಿವೆ, ಅದಕ್ಕೇ ನಂಬಬಾರದು. ನನ್ನದರಲ್ಲಿ ನಾನು ಹೇಳಿದವನು, ಅಪ್ಪ ಕೇಳದವನು. ಅಕ್ಕನದರಲ್ಲಿ ಅಪ್ಪನಿಗೆ ಗೊತ್ತೇ ಇಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ ಮೂವರಲ್ಲಿ ನಾನೊಬ್ಬ. ಆದರೆ ಅಕ್ಕನ ನೆನಪೂ ನೆನಪೇ. ಅವ್ವ ನಿಜವಾಗಿ ಹಾಗೆ ಆಣೆ ಹಾಕುವವಳೇ? ತನ್ನ ಗಂಟಲು ಒತ್ತಟ್ಟಿಗಿಟ್ಟು ಒಂದು ಕಾರ್ಯಕ್ರಮದ ಚಿಂತೆ ಮಾಡುವವಳೇ? ಸಾಕ್ಷಿ ಬೇಕೆಂದರೆ ನಮ್ಮಿಬ್ಬರಿಗೂ ಅಕ್ಷರಕ್ಕೆ ಅಕ್ಷರ ಒಂದೇ ಥರ ನೆನಪಿರುವ ಒಂದು ಮುಂಜಾನೆ ಮಾತ್ರ ಇದೆ. ಅದನ್ನು ಅಂದು ಅವಳ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಹಾಳೆಯ ಮೇಲೆ ಬರೆದು ಹೋಲಿಸಿ ನೋಡಿದೆವು.

ಹೈದರಾಬಾದಿನಿಂದ ಬಂದು ಮೂರನೆಯ ಭಾನುವಾರ. ಯಾರೂ ಕರೆದಿರಲಿಲ್ಲ, ಮೇಳದ ಮೂವರೂ ಬಂದರು, ವಾದ್ಯ ಸಮೇತ. ಅಜ್ಜಿ ಚಹಾ ಕೊಟ್ಟಳು. ಅವ್ವ ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಂಡು ಹೊಸ್ತಿಲಿನ ಹತ್ತಿರ ಕುಳಿತಿದ್ದಳು. ಗಂಡಸರ ಮುಂದೆ ಅವಳು ಕುಳಿತದ್ದು ಅದೇ ಮೊದಲು. ಯಾರೂ ವಾದ್ಯ ಬಿಚ್ಚಲಿಲ್ಲ. ಕೊನೆಗೆ ಅಪ್ಪ ಅಂದ, ಒಂದು ಪದ ಹಾಡೋಣ, ಆಕೀಗೂ ಹಗುರ ಆಗ್ತದ. ಆದರೆ ಶ್ರುತಿ? ವಾರಗಟ್ಟಲೆ ಮುಟ್ಟದ ತಂತಿಗಳು ಎಲ್ಲೆಲ್ಲಿಗೋ ಇಳಿದಿದ್ದವು. ಇಮಾಮ್‌ಸಾಬರು ಕಣ್ಣು ಮುಚ್ಚಿ ನೆನಪು ಮಾಡಿಕೊಂಡು ಒಂದು ನರ ಬಿಗಿದು ಕಮಾನು ಎಳೆದರು.

"ಭಾಭಿ, ಇದೇ ಅಲ್ಲ ನಿಮ್ಮದು?"

ಅವ್ವ ನಕ್ಕು ಹೌದೆಂದು ತಲೆಯಾಡಿಸಿದಳು.

"ಇಲ್ರಿ ಸಾಬರ, ಇನ್ನೂ ಕೆಳಗಿತ್ತು" ಎಂದು ಸಂಗಪ್ಪ ಕಾಕಾ ಕಿನ್ನರಿ ಮೀಟಿದರು. "ಸುಲೇಪೇಟದಾಗ ಹಿಂಗಿತ್ತು. ಹೌದಲ್ಲ ವೈನಿ?"

ಅವ್ವ ಅದಕ್ಕೂ ನಕ್ಕು ತಲೆಯಾಡಿಸಿದಳು.

ಮಾಣಿಕಪ್ಪ ಕಾಕಾ ಇಬ್ಬರನ್ನೂ ನೋಡಿ, ಸಂಕೋಚದಿಂದ, "ನನಗ ನೆನಪಿರೋದು ಹಿಂಗ ರೀ ಅವ್ವಾರ" ಎಂದು ಬಾಯಿಂದಲೇ ಉಂ ಅಂದರು. ಅದು ಮೊದಲಿನೆರಡಕ್ಕೂ ಮೇಲಿತ್ತು, ಪ್ರಾಯಶಃ ಮೊಟ್ಟಮೊದಲ ವರ್ಷದ್ದು. ಅವ್ವ ಮತ್ತೆ ನಕ್ಕು ತಲೆಯಾಡಿಸಿದಳು. ಅಪ್ಪ ತಂಬೂರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಿರಡೆ ತಿರುಗಿಸುತ್ತ, ಕೇಳುತ್ತ, ತಿರುಗಿಸುತ್ತ, ಒಂದು ಕಡೆ ನಿಂತ. ಅದು ನಾಲ್ಕನೆಯ ಶ್ರುತಿ. ಅವಳ ಕಡೆ ನೋಡಿದ. ಅವಳು ಅದೇ ನಗೆಯಿಂದ ಅದೇ ರೀತಿ ತಲೆಯಾಡಿಸಿದಳು, ಶುರು ಮಾಡ್ರಿ ಎನ್ನುವಂತೆ ಕೈಯನ್ನೂ ಎತ್ತಿದಳು.

ಯಾರೂ ಶುರು ಮಾಡಲಿಲ್ಲ. ಸಾಬರು ಕಮಾನನ್ನು ತೊಡೆಯ ಮೇಲೆ ಇಟ್ಟರು.

"ಯಾವುದಕ್ಕ ಕೇಳಿದ್ರೂ ಹೌದು ಅಂತೀ ಅಲ್ಲ" ಎಂದ ಅಪ್ಪ.

ತಂಬೂರಿಯನ್ನು ನೆಲಕ್ಕೆ ಮಲಗಿಸಿ ಎದ್ದ. ಹೋಗಿ ಹೊಸ್ತಿಲ ಮೇಲೆ ಅವಳ ಎದುರಿಗೆ ಕುಳಿತ. ಮೂವರು ಹೊರಗಿನವರು, ತಾಯಿ, ಮಕ್ಕಳು ನೋಡುತ್ತಿದ್ದರೂ ಅವಳ ಕೈ ಹಿಡಿದುಕೊಂಡ. ಅಷ್ಟು ತಿಂಗಳು ದವಾಖಾನೆ ಓಡಾಡಿದರೂ ಅವಳನ್ನು ಒಮ್ಮೆಯೂ ಕೇಳದಿದ್ದ ಒಂದು ಮಾತನ್ನು ಕೇಳಿದ.

"ಭಾಳ ನೋಯ್ತದೇನ?"

ಅವ್ವ ಅವನನ್ನು ನೋಡಿದಳು. ಅವನ ಹೆಗಲಾಚೆ ಕುಳಿತಿದ್ದ ಮೂವರನ್ನು ನೋಡಿದಳು. ಆಮೇಲೆ ಹೌದೆಂದು ತಲೆಯಾಡಿಸಿದಳು. ಈ ಸಲ ನಗಲಿಲ್ಲ.